‘ಕ್ಯಾರಿ ಆನ್ ಕೌಬಾಯ್’ (1965): ಅಣಕು ಚಿತ್ರವೊಂದು ಒಳ್ಳೆಯ ವೆಸ್ಟರ್ನ್ ಚಿತ್ರವೂ ಆಗಿರಬಲ್ಲದೇ?

ಬೆಳ್ಳಿತೆರೆ

1958ರಿಂದ 1992ರವರೆಗೆ 31 ಚಿತ್ರಗಳನ್ನು ಕಂಡ ಬ್ರಿಟನ್ನಿನ ‘ಕ್ಯಾರಿ ಆನ್’ ಹಾಸ್ಯ ಸರಣಿಯಲ್ಲಿ, ವೆಸ್ಟರ್ನ್ ಚಿತ್ರಗಳನ್ನು, ಅಂದರೆ ಪಶ್ಚಿಮ ಅಮೆರಿಕದ ಗಡಿನಾಡಿನ ಬಂದೂಕುಗಾರರ ಕಥೆಗಳನ್ನು ಅಣಕಿಸುವ ‘ಕ್ಯಾರಿ ಆನ್ ಕೌಬಾಯ್’ ಹನ್ನೊಂದನೆಯದು. ನಿರ್ಮಾಪಕ ಪೀಟರ್ ರೋಜರ್ಸ್, ನಿರ್ದೇಶಕ ಜೆರಾಲ್ಡ್ ಥಾಮಸ್, ಚಿತ್ರಕಥೆಗಾರ ಟಾಲ್ಬಟ್ ರಾಥ್‌ವೆಲ್ ಈ ಮೂವರೂ ಆಗ ವರ್ಷಕ್ಕೆ ಎರಡರಂತೆ ಚಿತ್ರಗಳನ್ನು ಮುಗಿಸುವ ಅವಸರದಲ್ಲಿದ್ದರು. ಹಾಗೆ ತಯಾರಾದವುಗಳಲ್ಲಿ ಹಲವು ಚಿತ್ರಗಳು ಬಿಡಿ ಬಿಡಿ ಹಾಸ್ಯ ಪ್ರಸಂಗಗಳ ಜೋಡಣೆಯಾಗಿ ಉಳಿದಿವೆ. ಈ ಚಿತ್ರ ಮಾತ್ರ ಆದಿಯಿಂದ ಅಂತ್ಯದವರೆಗೆ ಒಂದೇ ಕಥೆಯನ್ನು ಹಿಡಿದು ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ, ಮತ್ತು ಅದರ ಬಗ್ಗೆಯೇ ಇಲ್ಲಿ ಚರ್ಚೆಯಾಗಲಿ ಎಂದು ಬಯಸುತ್ತೇನೆ.

ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಸ್ಟಾಜ್ ಸಿಟಿ ಎಂಬ ಊರಿಗೆ ‘ರಂಪೋ ಕಿಡ್’ ಎಂದು ಕುಖ್ಯಾತನಾದ ಜಾನಿ ಫಿಂಗರ್ ಬಂದು, ಬಂದ ಗಳಿಗೆಯಲ್ಲೇ ಬೀದಿಯಲ್ಲಿ ಹೆಣ ಉರುಳಿಸಿ, ಊರಿನ ಮದ್ಯದಂಗಡಿಯನ್ನೂ ಕೊನೆಗೆ ಇಡೀ ಊರನ್ನೂ ತನ್ನ ಕೈವಶ ಮಾಡಿಕೊಳ್ಳುತ್ತಾನೆ. ಕಣ್ಣು ಮಂದವಾಗಿರುವ ಶೆರಿಫ್ ಆಲ್ಬರ್ಟ್ ಅರ್ಪ್ ಅವನ ಗುಂಡಿಗೆ ಬಲಿಯಾಗುತ್ತಾನೆ. ಕುಡಿತ, ಬೈಗುಳ, ಗುಂಡಿನ ಸದ್ದು ಯಾವುದನ್ನೂ ಸಹಿಸದ ಜಡ್ಜ್ ಬರ್ಕ್ ವಾಷಿಂಗ್ಟನ್ನಿಗೆ ಮೊರೆಯಿಡುತ್ತಾನೆ. ಅಲ್ಲಿ, ಅಮೆರಿಕದ ಒಳಚರಂಡಿ ವ್ಯವಸ್ಥೆಯನ್ನು ಸುಧಾರಿಸುವ ಕನಸು ಹೊತ್ತು ಬಂದಿರುವ ಇಂಗ್ಲಿಷ್ ನೈರ್ಮಲ್ಯ ಎಂಜಿನಿಯರ್ ಒಬ್ಬನ ಹೆಸರೇ ಮಾರ್ಷಲ್ ಆಗಿರುವುದರಿಂದ, ಅಧಿಕಾರಿಗಳು ಅವನನ್ನೇ ಶಾಂತಿಪಾಲನೆಯ ಮಾರ್ಷಲ್ ಎಂದು ತಿಳಿದು ಸ್ಟಾಜ್ ಸಿಟಿಗೆ ಕಳುಹಿಸಿಬಿಡುತ್ತಾರೆ. ತಂದೆಯನ್ನು ಕೊಂದವನ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟ ಶೆರಿಫನ ಮಗಳು ಆನಿ ಓಕ್ಲಿ ಅದೇ ಕುದುರೆಬಂಡಿಯಲ್ಲಿ ಪ್ರಯಾಣ ಮಾಡುತ್ತಿರುತ್ತಾಳೆ.

ಇದರಲ್ಲಿ ಹಾಸ್ಯದ ಅಂಶಗಳನ್ನು ತೆಗೆದು ನೋಡಿದರೆ ಉಳಿಯುವುದು ಶುದ್ಧ ವೆಸ್ಟರ್ನ್ ಕಥೆ: ಊರನ್ನು ಆಕ್ರಮಿಸಿದ ದುಷ್ಟ, ಹೆದರಿದ ಜನ, ಹೊರಗಿನಿಂದ ಬರುವ ಅಪರಿಚಿತ, ತಂದೆಯ ಸಾವಿಗೆ ಪ್ರತೀಕಾರ, ದನಗಳ್ಳತನ, ಕೊನೆಗೆ ನಿರ್ಜನ ಬೀದಿಯಲ್ಲಿ ಮುಖಾಮುಖಿ. ರಾಥ್‌ವೆಲ್ ಇದರಲ್ಲಿ ಒಂದನ್ನೂ ಕೈಬಿಟ್ಟಿಲ್ಲ, ಒಂದನ್ನೂ ಅರ್ಧಕ್ಕೆ ನಿಲ್ಲಿಸಿಲ್ಲ. ಸಿಡ್ ಜೇಮ್ಸ್ ರಂಪೋ ಕಿಡ್‌ನ ಪಾತ್ರವನ್ನು ನಗಿಸುವ ಪಾತ್ರವೆಂದು ಭಾವಿಸದೆ, ನಿಜವಾದ ಖಳನಾಯಕನ ಹಾಗೆ, ಅಮೆರಿಕನ್ ಉಚ್ಚಾರದಲ್ಲಿ, ಬಿಗಿಯಾಗಿ ನಟಿಸಿದ್ದಾರೆ. ಅವನ ಕೈಯಲ್ಲಿ ಜನ ಸಾಯುತ್ತಾರೆ ಎಂಬ ಭಯ ನೋಡುಗನಲ್ಲಿ ಉಳಿದಿರುವುದರಿಂದಲೇ ಜಿಮ್ ಡೇಲ್ ನಟಿಸಿರುವ ಅಮಾಯಕ ಎಂಜಿನಿಯರನ ಪ್ರತಿ ಹೆಜ್ಜೆಗೂ ನಗುವಿನ ಜೊತೆಗೆ ಆತಂಕವೂ ಹುಟ್ಟುತ್ತದೆ.

ಕೊನೆಯ ದೃಶ್ಯವೇ ನನ್ನ ವಾದಕ್ಕೆ ಮುಖ್ಯ ಆಧಾರ. ಬಂದೂಕು ಹಿಡಿಯಲು ಹೊಸದಾಗಿ ಕಲಿತ ಮಾರ್ಷಲ್, ಬೀದಿಯ ಮಧ್ಯೆ ನಿಂತು ಖಳನನ್ನು ಎದುರಿಸುವ ಬದಲು, ಬೀದಿಯ ಕೆಳಗಿನ ಒಳಚರಂಡಿಗೆ ಇಳಿದು, ಒಂದೊಂದು ಮ್ಯಾನ್‌ಹೋಲ್‌ನಿಂದ ತಲೆ ಎತ್ತಿ ರಂಪೋನ ಸಹಚರರನ್ನು ಒಬ್ಬೊಬ್ಬರನ್ನಾಗಿ ಹೊಡೆದುರುಳಿಸುತ್ತಾನೆ. ಯಾವ ಕಸುಬಿನ ಕಾರಣಕ್ಕೆ ಅವನನ್ನು ಎಲ್ಲರೂ ಅಯೋಗ್ಯನೆಂದು ತಿಳಿದಿದ್ದರೋ ಅದೇ ಕಸುಬು ಅವನನ್ನು ಗೆಲ್ಲಿಸುತ್ತದೆ. ಮೊದಲ ರೀಲಿನಲ್ಲಿ ಬಿತ್ತಿದ್ದನ್ನು ಕೊನೆಯ ರೀಲಿನಲ್ಲಿ ಕೊಯ್ಯುವ ಇಂಥ ಶಿಸ್ತು ಹಾಸ್ಯ ಚಿತ್ರಗಳಲ್ಲಿ ಅಪರೂಪ. ನಿಮ್ಮೆಲ್ಲರ ಅಭಿಪ್ರಾಯ ತಿಳಿಯುವ ಕುತೂಹಲವಿದೆ.

ಹಳೆಯ ರೀಲು

ಬೆಳ್ಳಿತೆರೆ ಅವರೇ, ನಿಮ್ಮ ವಾದವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಈ ಚಿತ್ರವನ್ನು ಒಂಟಿಯಾಗಿ ನಿಲ್ಲಿಸಿ ನೋಡಿದರೆ ಅದರ ಹಿಂದಿನ ದೀರ್ಘ ಪರಂಪರೆ ಕಣ್ಮರೆಯಾಗುತ್ತದೆ. ಬ್ರಿಟಿಷರು ವೆಸ್ಟರ್ನ್ ಚಿತ್ರಗಳನ್ನು ಅಣಕಿಸಿದ್ದು ಇದೇ ಮೊದಲಲ್ಲ. 1939ರಲ್ಲೇ ‘ಕ್ರೇಜಿ ಗ್ಯಾಂಗ್’ ಎಂಬ ಹಾಸ್ಯನಟರ ತಂಡದವರು ‘ದಿ ಫ್ರೋಜನ್ ಲಿಮಿಟ್ಸ್’ ಚಿತ್ರದಲ್ಲಿ ಚಿನ್ನದ ಬೇಟೆಯ ಕಥೆಯನ್ನು ಹಾಸ್ಯಕ್ಕೆ ಒಳಪಡಿಸಿದ್ದರು. 1956ರಲ್ಲಿ ಆರ್ಥರ್ ಆಸ್ಕಿ ನಟಿಸಿದ ‘ರ್‍ಯಾಮ್ಸ್‌ಬಾಟಮ್ ರೈಡ್ಸ್ ಅಗೇನ್’ ಬಂತು. 1958ರಲ್ಲಿ ‘ದಿ ಶೆರಿಫ್ ಆಫ್ ಫ್ರ್ಯಾಕ್ಚರ್ಡ್ ಜಾ’ ಬಂತು, ಅದರಲ್ಲಿ ಕೆನೆತ್ ಮೋರ್ ನಟಿಸಿದ ಇಂಗ್ಲಿಷ್ ಬಂದೂಕು ತಯಾರಕನೊಬ್ಬ ಆಕಸ್ಮಿಕವಾಗಿ ಶೆರಿಫ್ ಆಗುತ್ತಾನೆ. ಹಾಲಿವುಡ್ಡಿನ ಹಿರಿಯ ನಿರ್ದೇಶಕ ರಾವುಲ್ ವಾಲ್ಶ್ ಅದನ್ನು ಸ್ಪೇನಿನ ಬಯಲುಗಳಲ್ಲಿ ಚಿತ್ರೀಕರಿಸಿದರು. ತಪ್ಪು ತಿಳಿವಳಿಕೆಯಿಂದ ಅಧಿಕಾರ ಪಡೆಯುವ ಇಂಗ್ಲಿಷನ ಕಲ್ಪನೆ ರಾಥ್‌ವೆಲ್ ಅವರಿಗಿಂತ ಏಳು ವರ್ಷ ಮೊದಲೇ ತೆರೆಯ ಮೇಲೆ ಬಂದಿತ್ತು ಎಂಬುದನ್ನು ನಾವು ಗಮನಿಸಬೇಕು.

ಸಿಡ್ ಜೇಮ್ಸ್ ಅವರ ವಿಷಯಕ್ಕೆ ಬಂದರೆ, ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಈ ನಟ 1956ರ ಚಿತ್ರದಲ್ಲಿ ಬ್ಲ್ಯಾಕ್ ಜೇಕ್ ಎಂಬ ಖಳನಾಗಿಯೂ 1958ರ ಚಿತ್ರದಲ್ಲಿ ಒಂದು ಸಣ್ಣ ಪಾತ್ರದಲ್ಲಿಯೂ ಕಾಣಿಸಿಕೊಂಡಿದ್ದರು. ರಂಪೋ ಕಿಡ್‌ನ ಪಾತ್ರ ಅವರಿಗೆ ಕೈಗೂಡಿದ್ದರ ಹಿಂದೆ ಆ ಅಭ್ಯಾಸವಿದೆ.

ಇನ್ನೂ ಹಿಂದಕ್ಕೆ ಹೋಗೋಣ. 1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ವರ್ಷ, ‘ಬಫಲೋ ಬಿಲ್’ ಎಂದು ಹೆಸರಾದ ವಿಲಿಯಂ ಕೋಡಿ ತನ್ನ ‘ವೈಲ್ಡ್ ವೆಸ್ಟ್’ ಪ್ರದರ್ಶನವನ್ನು ಲಂಡನ್ನಿನ ಅರ್ಲ್ಸ್ ಕೋರ್ಟ್‌ಗೆ ತಂದಿದ್ದನು. ಆ ತಂಡದಲ್ಲಿ ಗುರಿಕಾರಿಕೆಗೆ ಹೆಸರಾದ ನಿಜವಾದ ಆನಿ ಓಕ್ಲಿ ಇದ್ದಳು. ಅಂದರೆ ಬ್ರಿಟನ್ನಿನ ಸಾಮಾನ್ಯ ಜನರಿಗೆ ಅಮೆರಿಕದ ಪಶ್ಚಿಮ ಪ್ರಾಂತ್ಯವೆಂದರೆ ಮೊದಲಿನಿಂದಲೂ ಟಿಕೆಟ್ ಕೊಂಡು ನೋಡುವ ರಂಗಪ್ರದರ್ಶನವೇ ಆಗಿತ್ತು, ಅದು ಅವರು ಬಾಳಿದ ಚರಿತ್ರೆಯಾಗಿರಲಿಲ್ಲ. ಅದಕ್ಕಾಗಿಯೇ ರಾಥ್‌ವೆಲ್ ಚಾರಿತ್ರಿಕ ಹೆಸರುಗಳನ್ನು ಅಷ್ಟು ಸಲೀಸಾಗಿ ಬಳಸುತ್ತಾರೆ. ಟೆಕ್ಸಸ್‌ನ ಮುತ್ಸದ್ದಿ ಸ್ಯಾಮ್ ಹೂಸ್ಟನ್ 1863ರಲ್ಲಿ ತೀರಿಕೊಂಡಾಗ 1860ರಲ್ಲಿ ಹುಟ್ಟಿದ ಆನಿಗೆ ಮೂರು ವರ್ಷ ತುಂಬಿರಲಿಲ್ಲ. ಈ ಚಿತ್ರದಲ್ಲಿ ಮಾತ್ರ ಸ್ಯಾಮ್ ಹೂಸ್ಟನ್ ಎಂಬವನು ದನಗಳ ಮಾಲೀಕನಾಗಿ ಅದೇ ಊರಿನಲ್ಲಿದ್ದಾನೆ, ಆನಿ, ಪಶ್ಚಿಮದ ಹೆಸರಾಂತ ಶಾಂತಿಪಾಲಕ ವಯಟ್ ಅರ್ಪ್‌ನನ್ನು ನೆನಪಿಸುವ ‘ಅರ್ಪ್’ ಮನೆತನದ ಮಗಳಾಗಿದ್ದಾಳೆ.

ಇಳಿಜಾರು

ನಾನು ನೀರು ಸರಬರಾಜು ಮತ್ತು ಒಳಚರಂಡಿ ಕಾಮಗಾರಿಗಳಲ್ಲಿ ದುಡಿದು ನಿವೃತ್ತನಾದ ಎಂಜಿನಿಯರ್. ನಮ್ಮ ಕಸುಬಿನವನು ನಾಯಕನಾಗಿರುವ ಚಿತ್ರಗಳು ಎಷ್ಟು ಇವೆ ಎಂದು ಯೋಚಿಸಿದರೆ ಇದರ ಬಗ್ಗೆ ನನಗಿರುವ ಅಭಿಮಾನ ನಿಮಗೆ ಅರ್ಥವಾದೀತು.

ಇಂಗ್ಲಿಷ್ ಎಂಜಿನಿಯರೊಬ್ಬ ಅಮೆರಿಕಕ್ಕೆ ಒಳಚರಂಡಿಯ ಜ್ಞಾನ ಕೊಂಡೊಯ್ಯುತ್ತಾನೆ ಎಂಬ ಕಲ್ಪನೆ ಬರೀ ತಮಾಷೆಗೆ ಹುಟ್ಟಿದ್ದೆಂದು ತೋರಿದರೂ ಅದರ ಬೇರು ಚರಿತ್ರೆಯಲ್ಲಿದೆ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ದಡದಲ್ಲಿದ್ದ ಸಂಸತ್ ಭವನವನ್ನೇ ಹೊಕ್ಕಾಗ ಸರ್ಕಾರ ಎಚ್ಚೆತ್ತಿತು, ಮತ್ತು ಜೋಸೆಫ್ ಬೇಝಲ್‌ಗೆಟ್ ಅವರ ನೇತೃತ್ವದಲ್ಲಿ ಸುಮಾರು 82 ಮೈಲು ಉದ್ದದ ಇಟ್ಟಿಗೆಯ ಮುಖ್ಯ ಕೊಳವೆ ಮಾರ್ಗಗಳನ್ನು ಲಂಡನ್ನಿನ ಕೆಳಗೆ ಕಟ್ಟಲಾಯಿತು. ಅದೇ ದಶಕದಲ್ಲಿ ಚಿಕಾಗೋ ನಗರದ ಎಂಜಿನಿಯರ್ ಎಲಿಸ್ ಚೆಸ್‌ಬ್ರೋ ಇಡೀ ನಗರಕ್ಕೆ ಒಳಚರಂಡಿ ಯೋಜನೆ ರೂಪಿಸಿ, ಯೂರೋಪಿನ ನಗರಗಳ ವ್ಯವಸ್ಥೆಯನ್ನು ಕಣ್ಣಾರೆ ನೋಡಿಬರಲು ಪ್ರವಾಸ ಮಾಡಿದ್ದರು. ಚಿಕಾಗೋದ ನೆಲ ಸಮತಟ್ಟಾಗಿ ತಗ್ಗಿನಲ್ಲಿದ್ದುದರಿಂದ ಇಳಿಜಾರು ಸಿಗದೆ, ಬೀದಿಗಳನ್ನೂ ದೊಡ್ಡ ದೊಡ್ಡ ಕಟ್ಟಡಗಳನ್ನೂ ಜಾಕ್ ಹಾಕಿ ಮೇಲೆತ್ತಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಅಮೆರಿಕ ಈ ವಿದ್ಯೆಯನ್ನು ಅಟ್ಲಾಂಟಿಕ್‌ನ ಆಚೆ ದಡದಿಂದ ಕಲಿಯುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಆದರೆ ಕೊನೆಯ ದೃಶ್ಯದ ಬಗ್ಗೆ ನನ್ನದೊಂದು ತಕರಾರಿದೆ. ಒಬ್ಬ ಮನುಷ್ಯ ಓಡಾಡುವಷ್ಟು ದೊಡ್ಡ ಕಾಲುವೆಯನ್ನು ಮಹಾನಗರಗಳಲ್ಲಿ ಮಾತ್ರ ಕಟ್ಟುತ್ತಾರೆ. ಒಂದೇ ಬೀದಿಯ ಗಡಿನಾಡಿನ ಊರಿಗೆ ಅಷ್ಟು ಹರಿವೇ ಇರುವುದಿಲ್ಲ. ಕೆಲವೇ ಅಂಗುಲ ವ್ಯಾಸದ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪು ಅಲ್ಲಿಗೆ ಧಾರಾಳವಾಗಿ ಸಾಕು. ಅಂಥ ಪೈಪಿನೊಳಗೆ ತೋಳು ಹೋದೀತು, ಆಳು ಹೋಗಲಾರ. ಹಾಗಿದ್ದರೂ ಆ ದೃಶ್ಯವನ್ನು ನಾನು ಮೆಚ್ಚುತ್ತೇನೆ. ಮ್ಯಾನ್‌ಹೋಲ್‌ಗಳು ಎಲ್ಲೆಲ್ಲಿ ಇರುತ್ತವೆ, ಒಂದರಿಂದ ಇನ್ನೊಂದಕ್ಕೆ ದಾರಿ ಹೇಗೆ ಸಾಗುತ್ತದೆ ಎಂಬ ಅರಿವೇ ನಾಯಕನ ಆಯುಧವಾಗುತ್ತದೆ. ಚಿತ್ರ ಆ ಕಸುಬನ್ನು ಎಲ್ಲಿಯೂ ಹೀನವಾಗಿ ಕಾಣುವುದಿಲ್ಲ. ತನ್ನ ಪದವಿಯನ್ನು ಮಾರ್ಷಲ್ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾನೆ, ಚಿತ್ರವೂ ಆ ಹೆಮ್ಮೆಯನ್ನು ಕಾಪಾಡುತ್ತದೆ.

ಬೆಳ್ಳಿತೆರೆ

ಇಳಿಜಾರು ಅವರೇ, ನಿಮ್ಮ ತಾಂತ್ರಿಕ ವಿವರಣೆಗೆ ಕೃತಜ್ಞತೆಗಳು. ನಿಮ್ಮ ತಕರಾರು ಸರಿಯಾದದ್ದು. ಆದರೆ ವೆಸ್ಟರ್ನ್ ಚಿತ್ರಗಳ ಊರುಗಳೇ ವಾಸ್ತವದ ಅಳತೆಗೆ ಒಗ್ಗುವಂಥವಲ್ಲ. ಮರುಭೂಮಿಯ ಮಧ್ಯೆ ಅಷ್ಟು ದೊಡ್ಡ ಮದ್ಯದಂಗಡಿ ಯಾರ ದುಡ್ಡಿನಿಂದ ನಡೆಯುತ್ತದೆ ಎಂದು ಗಂಭೀರ ಚಿತ್ರಗಳನ್ನೂ ನಾವು ಕೇಳುವುದಿಲ್ಲ. ಆ ಸಡಿಲಿಕೆಯನ್ನು ಈ ಚಿತ್ರಕ್ಕೂ ಕೊಡೋಣ.

ಸರ್ರೆಯ ಕನ್ನಡಿಗ

ಚಿತ್ರದ ಹೊರಾಂಗಣದ ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ. ಚಿತ್ರೀಕರಣ ನಡೆದದ್ದು ಪೂರ್ತಿಯಾಗಿ ಇಂಗ್ಲೆಂಡಿನಲ್ಲಿ. ಸ್ಟಾಜ್ ಸಿಟಿಯ ಬೀದಿಯನ್ನು ಬಕಿಂಗ್‌ಹ್ಯಾಮ್‌ಶೈರ್‌ನ ಪೈನ್‌ವುಡ್ ಸ್ಟುಡಿಯೊದಲ್ಲಿ ನಿರ್ಮಿಸಲಾಯಿತು. ಕುದುರೆಬಂಡಿಯೂ ಸವಾರರೂ ಓಡುವ ದೃಶ್ಯಗಳು ಸ್ಟುಡಿಯೊಗೆ ಅಂಟಿಕೊಂಡಿರುವ ಬ್ಲ್ಯಾಕ್ ಪಾರ್ಕ್‌ನಲ್ಲಿಯೂ ಸರ್ರೆಯ ಚಾಬಮ್ ಕಾಮನ್‌ನಲ್ಲಿಯೂ ನಡೆದವು. ನಾನಿರುವ ಕಡೆಯಿಂದ ಚಾಬಮ್ ಕಾಮನ್ ಹತ್ತಿರವೇ ಇದೆ. ಕುರುಚಲು ಪೊದೆ, ಹೆದರ್ ಹೂವು, ಮರಳು ಮಿಶ್ರಿತ ಮಣ್ಣು, ಅಲ್ಲಲ್ಲಿ ಪೈನ್ ಮರಗಳಿರುವ ಆ ಬಯಲು ಬಿಸಿಲಿದ್ದ ದಿನ ಸ್ವಲ್ಪ ಮಟ್ಟಿಗೆ ಅಮೆರಿಕದಂತೆ ತೋರಬಹುದು. ಮೋಡ ಕವಿದ ದಿನ ಅದು ಸರ್ರೆಯೇ. ಛಾಯಾಗ್ರಾಹಕ ಅಲನ್ ಹ್ಯೂಮ್ ಆ ಬಯಲನ್ನು ಬಣ್ಣದ ಫಿಲ್ಮಿನಲ್ಲಿ ಎಷ್ಟು ಎಚ್ಚರದಿಂದ ಸೆರೆಹಿಡಿದಿದ್ದಾರೆಂದರೆ, ದಿಗಂತವನ್ನು ಕೆಳಗಿಟ್ಟು ಆಕಾಶವನ್ನು ದೊಡ್ಡದಾಗಿ ತೋರಿಸಿ, ಇಂಗ್ಲೆಂಡಿನ ಹಸಿರನ್ನು ಸಾಧ್ಯವಾದಷ್ಟು ಚೌಕಟ್ಟಿನ ಹೊರಗಿಟ್ಟಿದ್ದಾರೆ ಎಂದು ನನಗೆ ಅನ್ನಿಸಿದೆ. ಇದೇ ಹ್ಯೂಮ್ ಮುಂದೆ, ಉದಯಪುರದಲ್ಲಿಯೂ ಚಿತ್ರೀಕರಣವಾಗಿ 1983ರಲ್ಲಿ ತೆರೆಕಂಡ ಬಾಂಡ್ ಚಿತ್ರ ‘ಆಕ್ಟೋಪಸ್ಸಿ’ಗೂ ಛಾಯಾಗ್ರಾಹಕರಾಗಿದ್ದರು.

1958ರ ಚಿತ್ರಕ್ಕಾಗಿ ಸ್ಪೇನಿಗೆ ಹೋದವರಿಗೆ ಸಿಕ್ಕ ಭೂದೃಶ್ಯ ಇವರಿಗೆ ಸಿಗಲಿಲ್ಲ. ಆದರೂ ಕಥೆಯ ಹಿಡಿತದಲ್ಲಿ ಈ ಚಿತ್ರವೇ ಮೇಲು.

ಮುಂಗಾರು

ಇಲ್ಲಿಯವರೆಗೆ ಎಲ್ಲರೂ ಹೊಗಳಿಕೆಯನ್ನೇ ಬರೆದಿರುವುದರಿಂದ ನಾನು ಬೇರೊಂದು ವಿಷಯವನ್ನು ಎತ್ತಲೇಬೇಕಾಗಿದೆ. ಈ ಚಿತ್ರದಲ್ಲಿ ಅಮೆರಿಕದ ಮೂಲನಿವಾಸಿಗಳ ಮುಖಂಡನಾಗಿ ಚಾರ್ಲ್ಸ್ ಹಾಟ್ರೀ, ಅವನ ಮಗನಾಗಿ ಬರ್ನಾರ್ಡ್ ಬ್ರೆಸ್ಲಾ ಮುಖಕ್ಕೆ ಬಣ್ಣ ಬಳಿದುಕೊಂಡು ನಟಿಸಿದ್ದಾರೆ. ಪಾತ್ರಗಳ ಹೆಸರುಗಳೇ ಅಗ್ಗದ ಹಾಸ್ಯಕ್ಕಾಗಿ ಇಟ್ಟವು. ರಂಪೋ ಕಿಡ್ ಆಮಿಷ ಒಡ್ಡಿದ ಕೂಡಲೇ ಅವರು ಕುದುರೆಬಂಡಿಯ ಮೇಲೆ ದಾಳಿಗೆ ಒಪ್ಪುತ್ತಾರೆ, ದಾಳಿಯಲ್ಲಿ ಸತ್ತರೂ ಅವರ ಸಾವಿಗೆ ಚಿತ್ರದಲ್ಲಿ ಬೆಲೆಯಿಲ್ಲ. ಹಳೆಯ ರೀಲು ಅವರು 1887ರ ಪ್ರದರ್ಶನದ ಮಾತೆತ್ತಿದರು. ಆ ತಂಡದಲ್ಲಿ ನಿಜವಾದ ಲಕೋಟ ಜನಾಂಗದವರು ಲಂಡನ್ನಿಗೆ ಬಂದಿದ್ದರು, ಬ್ಲ್ಯಾಕ್ ಎಲ್ಕ್ ಅವರೂ ಅವರಲ್ಲಿ ಒಬ್ಬರು. ಲಂಡನ್ನಿನ ಜನ ಅವರನ್ನು ಎದುರಿಗೇ ಕಂಡು ಸುಮಾರು ಎಂಬತ್ತು ವರ್ಷ ಕಳೆದ ಮೇಲೆ ತಯಾರಾದ ಚಿತ್ರದಲ್ಲಿ ಆ ಜನರ ಒಂದು ನೈಜ ಮುಖವೂ ಇಲ್ಲದಿರುವುದು ನನಗೆ ನೋವುಂಟುಮಾಡುತ್ತದೆ.

ಭಾರತೀಯರಾದ ನಮಗೆ ಇದು ದೂರದ ಸಂಗತಿಯಲ್ಲ. ಇದೇ ತಂಡ 1968ರಲ್ಲಿ ‘ಕ್ಯಾರಿ ಆನ್ ಅಪ್ ದ ಖೈಬರ್’ ಚಿತ್ರವನ್ನು ಮಾಡಿತು. ಅದರಲ್ಲಿ, ‘ಕೌಬಾಯ್’ನಲ್ಲಿ ಜಡ್ಜ್ ಬರ್ಕ್ ಆಗಿದ್ದ ಕೆನೆತ್ ವಿಲಿಯಮ್ಸ್ ಬ್ರಿಟಿಷ್ ಆಳ್ವಿಕೆಯ ಕಾಲದ ದೇಶೀ ಅರಸನಾಗಿ, ಇದೇ ಬ್ರೆಸ್ಲಾ ಗಡಿಪ್ರಾಂತ್ಯದ ಯೋಧನಾಗಿ ನಟಿಸಿದರು. ವೇಲ್ಸ್‌ನ ಸ್ನೋಡನ್ ಬೆಟ್ಟದ ತಪ್ಪಲು ಖೈಬರ್ ಕಣಿವೆಯಾಯಿತು. ನಮ್ಮವರನ್ನು ಹಾಗೆ ತೋರಿಸಿದಾಗ ನಮಗೆ ಕಸಿವಿಸಿಯಾಗುವುದಾದರೆ, ಲಕೋಟ ಜನರಿಗೂ ಇತರ ಮೂಲನಿವಾಸಿಗಳಿಗೂ ‘ಕೌಬಾಯ್’ ನೋಡಿ ಏನನ್ನಿಸೀತು ಎಂದು ಊಹಿಸುವುದು ನಮ್ಮ ಕರ್ತವ್ಯ.

ಹಳೆಯ ರೀಲು

ಮುಂಗಾರು ಅವರ ಮಾತಿಗೆ ನನ್ನ ಗೌರವವಿದೆ. ಆ ಕಾಲದಲ್ಲಿ ಹಾಲಿವುಡ್ಡಿನ ಗಂಭೀರ ಚಿತ್ರಗಳೂ ಇದನ್ನೇ ಮಾಡುತ್ತಿದ್ದವು. ಮೂಲನಿವಾಸಿಗಳ ಬಗ್ಗೆ ಸಹಾನುಭೂತಿಯುಳ್ಳ ಚಿತ್ರವೆಂದು ಹೆಸರಾದ 1950ರ ‘ಬ್ರೋಕನ್ ಆ್ಯರೋ’ದಲ್ಲಿ ಅಪಾಚೆ ನಾಯಕ ಕೋಚೀಸ್‌ನಾಗಿ ನಟಿಸಿದವರು ಬಿಳಿಯ ನಟ ಜೆಫ್ ಚಾಂಡ್ಲರ್. ಇದನ್ನು ಸಮರ್ಥನೆಯಾಗಿ ಹೇಳುತ್ತಿಲ್ಲ, ರೂಢಿ ಎಷ್ಟು ಆಳವಾಗಿತ್ತು ಎಂಬುದಕ್ಕೆ ಹೇಳುತ್ತಿದ್ದೇನೆ. ಹಾಟ್ರೀ ತಮ್ಮ ಪಾತ್ರಕ್ಕೆ ಯಾವ ಹುಸಿ ಉಚ್ಚಾರವನ್ನೂ ತಂದುಕೊಳ್ಳದೆ ನಯವಾದ ಇಂಗ್ಲಿಷ್ ಗೃಹಸ್ಥನ ಧಾಟಿಯಲ್ಲಿಯೇ ಮಾತನಾಡುತ್ತಾರೆ. ತೆರೆಯ ಮೇಲಿನ ಮೂಲನಿವಾಸಿ ನಿಜವಾದ ಮೂಲನಿವಾಸಿಯಲ್ಲ, ವೇಷ ಮಾತ್ರ ಎಂಬುದನ್ನು ಆ ಧಾಟಿ ಬಯಲು ಮಾಡುತ್ತದೆ ಎಂದು ನಾನು ಓದಿಕೊಳ್ಳುತ್ತೇನೆ.

ಮುಂಗಾರು

ನಿಮ್ಮ ಓದನ್ನು ಹಾಟ್ರೀ ಅವರ ಮಟ್ಟಿಗೆ ಒಪ್ಪುತ್ತೇನೆ. ಬ್ರೆಸ್ಲಾ ಅವರ ಪಾತ್ರದ ಮಟ್ಟಿಗೆ ಒಪ್ಪಲಾರೆ, ಏಕೆಂದರೆ ಅಲ್ಲಿ ನಗುವಿಗೆ ಗುರಿಯಾಗುವುದು ಆ ಜನರೇ. ‘ಖೈಬರ್’ ಚಿತ್ರದ ಕೊನೆಯಲ್ಲಿ ಬಂಗಲೆಯ ಮೇಲೆ ಫಿರಂಗಿ ಗುಂಡು ಬೀಳುತ್ತಿದ್ದರೂ ಇಂಗ್ಲಿಷರು ಶಿಸ್ತಾಗಿ ಊಟ ಮುಂದುವರಿಸುವ ದೃಶ್ಯದಲ್ಲಿ ನಗು ಅವರ ಮೇಲೆಯೇ ತಿರುಗುತ್ತದೆ. ‘ಕೌಬಾಯ್’ನಲ್ಲಿ ಅಂಥ ತಿರುವು ಇಲ್ಲ. ಕಥೆಯ ಕಟ್ಟಡ ‘ಕೌಬಾಯ್’ನಲ್ಲಿ ಗಟ್ಟಿಯಾಗಿದೆ, ಆತ್ಮವಿಮರ್ಶೆ ‘ಖೈಬರ್’ನಲ್ಲಿ ಹೆಚ್ಚಿದೆ ಎಂದು ನಾನು ಹೇಳುತ್ತೇನೆ.

ಬೆಳ್ಳಿತೆರೆ

ಇದನ್ನು ನಾನು ಮೊದಲ ಬರಹದಲ್ಲಿಯೇ ಚರ್ಚಿಸಬೇಕಿತ್ತು ಎಂದು ಓದುಗರಿಗೆ ಅನ್ನಿಸಿದರೆ ಅದು ನ್ಯಾಯವೇ. ಮೂಲ ವೆಸ್ಟರ್ನ್‌ನ ಎಲುಬುಗೂಡನ್ನು ಹಾಗೆಯೇ ಉಳಿಸಿಕೊಂಡ ಚಿತ್ರ ಅದರ ದೋಷವನ್ನೂ ಹಾಗೆಯೇ ಉಳಿಸಿಕೊಂಡಿತು. ನಾನು ಹೊಗಳಿದ ಗುಣವೇ ಈ ಕೊರತೆಗೂ ಕಾರಣ ಎಂಬುದನ್ನು ಮುಂಗಾರು ಅವರ ಮಾತಿನಿಂದ ಸ್ಪಷ್ಟವಾಗಿ ಕಾಣುತ್ತಿದ್ದೇನೆ.

ತಂಬೂರಿ

ರಾಥ್‌ವೆಲ್ ಬಗ್ಗೆ ಯಾರೂ ಬರೆಯದ ಒಂದು ಸಂಗತಿಯಿದೆ. ಎರಡನೆಯ ಮಹಾಯುದ್ಧದಲ್ಲಿ ಅವರು ಜರ್ಮನರ ‘ಸ್ಟಾಲಗ್ ಲುಫ್ಟ್ 3’ ಶಿಬಿರದಲ್ಲಿ ಯುದ್ಧಕೈದಿಯಾಗಿದ್ದರು. ಈ ಚಿತ್ರದಲ್ಲಿ ವೈದ್ಯನ ಪಾತ್ರ ಮಾಡಿರುವ ಪೀಟರ್ ಬಟರ್‌ವರ್ತ್ ಅದೇ ಶಿಬಿರದಲ್ಲಿದ್ದರು, ಇಬ್ಬರೂ ಕೂಡಿ ಕೈದಿಗಳಿಗಾಗಿ ನಾಟಕ ಮತ್ತು ಹಾಸ್ಯ ಕಾರ್ಯಕ್ರಮಗಳನ್ನು ನಡೆಸುತ್ತಿದ್ದರು. ಅದೇ ಬಟರ್‌ವರ್ತ್ ‘ಕ್ಯಾರಿ ಆನ್’ ಸರಣಿಗೆ ಕಾಲಿಟ್ಟದ್ದು ‘ಕೌಬಾಯ್’ ಚಿತ್ರದಿಂದ. ಬ್ರೆಸ್ಲಾ ಮತ್ತು ಆನಿಯಾಗಿ ನಟಿಸಿರುವ ಏಂಜೆಲಾ ಡಗ್ಲಸ್ ಅವರಿಗೂ ಇದೇ ಮೊದಲ ‘ಕ್ಯಾರಿ ಆನ್’. ಕೆನೆತ್ ವಿಲಿಯಮ್ಸ್ ತಮ್ಮ ಜಡ್ಜ್ ಪಾತ್ರದ ಒಡಕು ದನಿಗೆ ಹಾಲಿವುಡ್ಡಿನ ಹಾಸ್ಯ ಚಿತ್ರಗಳ ನಿರ್ಮಾಪಕ ಹಾಲ್ ರೋಚ್ ಅವರ ಮಾತಿನ ರೀತಿಯನ್ನು ಮಾದರಿಯಾಗಿಟ್ಟುಕೊಂಡಿದ್ದರು. ಸಂಗೀತ ಎರಿಕ್ ರೋಜರ್ಸ್ ಅವರದು. ಶೀರ್ಷಿಕೆಯ ಜೊತೆಗೆ ಬರುವ ಹಾಡು ನಿಜವಾದ ವೆಸ್ಟರ್ನ್ ಚಿತ್ರಗಳ ಶೀರ್ಷಿಕೆ ಗೀತೆಗಳ ಧಾಟಿಯಲ್ಲಿಯೇ ಇದೆ, ಅದನ್ನು ಕೆಡಿಸಿ ಹಾಡಿಲ್ಲ.

ಹೊಸ ಓದುಗ

ನಾನು ವೆಸ್ಟರ್ನ್ ಚಿತ್ರಗಳನ್ನು ಹೆಚ್ಚು ನೋಡಿದವನಲ್ಲ. ಇದನ್ನು ನೋಡುವ ಮುನ್ನ ಯಾವ ಚಿತ್ರ ನೋಡಿದರೆ ಅಣಕ ಚೆನ್ನಾಗಿ ಅರ್ಥವಾದೀತು ಎಂದು ಹಿರಿಯರು ದಯವಿಟ್ಟು ತಿಳಿಸುವಿರಾ?

ಹಳೆಯ ರೀಲು

1952ರ ‘ಹೈ ನೂನ್’ ಒಂದನ್ನು ನೋಡಿದರೆ ಸಾಕು. ಗ್ಯಾರಿ ಕೂಪರ್ ನಟಿಸಿರುವ ಮಾರ್ಷಲ್‌ನನ್ನು ಕೊಲ್ಲಲು ಖಳನಾಯಕ ಮಧ್ಯಾಹ್ನದ ರೈಲಿನಲ್ಲಿ ಬರುತ್ತಿರುವಾಗ, ಅವನು ಕಾಪಾಡಿದ ಊರೇ ಅವನ ಕೈಬಿಡುತ್ತದೆ. ಗಡಿಯಾರದ ಮುಳ್ಳು ಓಡುವುದೂ ಕಥೆ ಓಡುವುದೂ ಬಹುಮಟ್ಟಿಗೆ ಒಂದೇ ವೇಗದಲ್ಲಿ. ಸ್ಟಾಜ್ ಸಿಟಿಯಲ್ಲಿಯೂ ರಂಪೋ ಮರಳಿ ಬರುವ ಹೊತ್ತಿಗೆ ಮಾರ್ಷಲ್‌ನ ಬೆಂಬಲಕ್ಕೆ ನಿಲ್ಲುವ ಗಂಡಸು ಸಿಗುವುದಿಲ್ಲ. ಆ ಸಾಲುಸಾಲು ಹೋಲಿಕೆಯನ್ನು ಗಮನಿಸಿ ನೋಡಿ.

ಸಂಪಿಗೆ

‘ಗಂಡಸು ಸಿಗುವುದಿಲ್ಲ’ ಎಂದು ಹಳೆಯ ರೀಲು ಅವರು ಬರೆದದ್ದು ಅಕ್ಷರಶಃ ನಿಜ, ಏಕೆಂದರೆ ಮಾರ್ಷಲ್‌ಗೆ ಬಂದೂಕು ಹಿಡಿಯಲು ಕಲಿಸುವವಳು ಆನಿ. ಈ ಎಳೆಯಲ್ಲಿ ಆನಿಯ ಬಗ್ಗೆ ಆಗಬೇಕಾದಷ್ಟು ಚರ್ಚೆ ಆಗಿಲ್ಲ. ಕುದುರೆಬಂಡಿಯ ಮೇಲೆ ದಾಳಿಯಾದಾಗ ಗುರಿಯಿಟ್ಟು ಹೊಡೆಯುವವಳು ಅವಳು, ಹೊಡೆದದ್ದು ತಾನೇ ಎಂದು ನಂಬುವವನು ಮಾರ್ಷಲ್. ಊರಿನವರು ಕೊಂಡಾಡುವುದೂ ಅವನನ್ನೇ. ಅವಳು ಆ ಭ್ರಮೆಯನ್ನು ಒಡೆಯುವುದಿಲ್ಲ. ವೆಸ್ಟರ್ನ್ ಚಿತ್ರಗಳಲ್ಲಿ ಹೆಣ್ಣು ಸಾಮಾನ್ಯವಾಗಿ ‘ಜಗಳ ಬೇಡ, ಊರು ಬಿಡೋಣ’ ಎಂದು ಗಂಡನನ್ನು ತಡೆಯುವವಳು. ‘ಹೈ ನೂನ್’ ಚಿತ್ರದಲ್ಲಿ ಗ್ರೇಸ್ ಕೆಲಿ ಮಾಡಿರುವ ಪಾತ್ರವೂ ಮೊದಲಿಗೆ ಹಾಗೆಯೇ ಇದೆ. ಇಲ್ಲಿ ಸೇಡಿನ ಉದ್ದೇಶವೂ ಶಸ್ತ್ರದ ಪರಿಣತಿಯೂ ಎರಡೂ ಹೆಣ್ಣಿನ ಬಳಿ ಇವೆ, ಕಥೆಯ ನಿಜವಾದ ಬಂದೂಕುಗಾರಳು ಆಕೆಯೇ.

ಹಾಗಾಗಿ ಕೊನೆಯ ದೃಶ್ಯವನ್ನು ಬೆಳ್ಳಿತೆರೆ ಅವರು ಹೊಗಳಿದಷ್ಟು ನಾನು ಹೊಗಳಲಾರೆ. ಎಂಜಿನಿಯರನ ಕಸುಬಿಗೆ ನ್ಯಾಯ ಸಿಕ್ಕಿತು, ಆನಿಯ ಸೇಡಿಗೆ ಸಿಗಲಿಲ್ಲ. ರಂಪೋ ಸಾಯುವುದಿಲ್ಲ, ಸಿಕ್ಕಿಬೀಳುವುದೂ ಇಲ್ಲ. ಜೋನ್ ಸಿಮ್ಸ್ ನಟಿಸಿರುವ ಬೆಲ್ ಅವನಿಗೆ ನೆರವಾಗುತ್ತಾಳೆ, ಅವನು ಊರು ಬಿಟ್ಟು ಪಾರಾಗುತ್ತಾನೆ. ಮದ್ಯದಂಗಡಿಯ ಒಡತಿಯಾಗಿದ್ದು, ರಂಪೋ ಬಂದ ಮೇಲೆ ತನ್ನ ಅಂಗಡಿಯನ್ನೇ ಕಳೆದುಕೊಂಡ ಬೆಲ್ ಅವನನ್ನು ಏಕೆ ಉಳಿಸುತ್ತಾಳೆ ಎಂಬುದಕ್ಕೆ ಸಿಮ್ಸ್ ಮತ್ತು ಜೇಮ್ಸ್ ನಡುವಿನ ಸಲಿಗೆಯ ದೃಶ್ಯಗಳಲ್ಲಿ ಸಾಕಷ್ಟು ಉತ್ತರವಿದೆ. ತಂದೆಯನ್ನು ಕಳೆದುಕೊಂಡ ಮಗಳ ಕಡೆಯಿಂದ ಕಥೆ ಹೇಳಿದ್ದರೆ ಈ ಮುಕ್ತಾಯ ನಿಲ್ಲುತ್ತಿರಲಿಲ್ಲ. ಸಿಡ್ ಜೇಮ್ಸ್ ಅವರನ್ನು ಕೊಲ್ಲಲು ನಿರ್ಮಾಪಕರಿಗೂ ಪ್ರೇಕ್ಷಕರಿಗೂ ಮನಸ್ಸಿರಲಿಲ್ಲ ಎಂಬುದು ನನ್ನ ಊಹೆ, ಮತ್ತು ಆ ಅಕ್ಕರೆಗಾಗಿ ಚಿತ್ರ ಆನಿಯ ಕಥೆಯನ್ನು ಅಪೂರ್ಣವಾಗಿ ಬಿಟ್ಟಿದೆ.